ಗೊಬ್ಬರ ಹಾಕಿದರೂ ಸಾವಯವ ಇಂಗಾಲ ಏಕೆ ಏರುವುದಿಲ್ಲ?

ಪ್ರಶ್ನೆ: ದೇವನಹಳ್ಳಿ ಬಳಿಯ ನಮ್ಮ ರಾಗಿ ಹೊಲಕ್ಕೆ ಮೂರು ವರ್ಷಗಳಿಂದ ಎಕರೆಗೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಹಾಕುತ್ತಿದ್ದೇವೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಆಗಲೂ ಶೇ 0.4, ಈಗಲೂ ಶೇ 0.4. ಹಾಕಿದ್ದೆಲ್ಲ ಎಲ್ಲಿ ಹೋಯಿತು?

ಉತ್ತರ: ಹೆಚ್ಚಿನ ಪಾಲು ಗಾಳಿಗೆ ಹೋಯಿತು, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 900 ಟನ್ ತೂಗುತ್ತದೆ. ಆದ್ದರಿಂದ ಚೀಟಿಯ ಅಂಕಿ 0.4ರಿಂದ 0.5ಕ್ಕೆ ಏರಬೇಕಾದರೆ 900 ಕಿಲೋ ಇಂಗಾಲ ಹೊಸದಾಗಿ ಮಣ್ಣಿನಲ್ಲಿ ನಿಲ್ಲಬೇಕು. ನಿಮ್ಮ ನಾಲ್ಕು ಟನ್ ಗೊಬ್ಬರದಲ್ಲಿ ಅರ್ಧ ನೀರೆಂದೂ ಒಣಭಾಗದಲ್ಲಿ ಕಾಲುಪಾಲು ಇಂಗಾಲವೆಂದೂ ಹಿಡಿದರೆ ವರ್ಷಕ್ಕೆ ಸೇರುವುದು 500 ಕಿಲೋ. ಸೂಕ್ಷ್ಮಜೀವಿಗಳು ಅದನ್ನು ತಿಂದು, ಬಹುಪಾಲನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಾಡಿಬಿಡುತ್ತವೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗೊಬ್ಬರದ ಇಂಗಾಲದಲ್ಲಿ ಸರಾಸರಿ ಶೇ 12ರಷ್ಟು ಮಾತ್ರ ಮಣ್ಣಿನಲ್ಲಿ ಉಳಿದಿದ್ದು ಕಂಡುಬಂದಿದೆ. ಅಂದರೆ ವರ್ಷಕ್ಕೆ 60 ಕಿಲೋ, 900 ಆಗಲು 15 ವರ್ಷ. ಮಾದರಿ ತೆಗೆಯುವ ಜಾಗ ನಾಲ್ಕು ಮಾರು ಆಚೀಚೆಯಾದರೆ ಅಂಕಿ ನಿಮ್ಮ ಮೂರು ವರ್ಷದ ಏರಿಕೆಗಿಂತ ಹೆಚ್ಚು ಏರಿಳಿಯಬಹುದು.

ನಮ್ಮ ಕೆಂಪು ಮಣ್ಣಿನದೂ ಒಂದು ಪಾಲಿದೆ. ಇಂಗಾಲ ಬಹುಕಾಲ ಉಳಿಯುವುದು ಜೇಡಿಯ ಕಣಗಳಿಗೆ ಅಂಟಿಕೊಂಡು. ಮರಳು ಹೆಚ್ಚಿರುವ ಈ ಮಣ್ಣಿನಲ್ಲಿ ಎರೆ ಮಣ್ಣಿನಷ್ಟು ಹಿಡಿತವಿಲ್ಲ.

ಹಾಗೆಂದು ಕೈಬಿಡಬೇಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದಿರುವ ಮಳೆಯಾಶ್ರಿತ ರಾಗಿ ಪ್ರಯೋಗದಲ್ಲಿ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ, ಅಂದರೆ ಹೆಚ್ಚುಕಡಿಮೆ ನಿಮ್ಮದೇ ಪ್ರಮಾಣ, ರಸಗೊಬ್ಬರದ ಜೊತೆ ಬಿದ್ದ ತಾಕುಗಳು ಬರೀ ರಸಗೊಬ್ಬರದ ತಾಕುಗಳಿಗಿಂತ ಇಳುವರಿಯಲ್ಲೂ ಇಂಗಾಲದಲ್ಲೂ ಮುಂದಿವೆ. ಬೆಳೆ ಹುಲುಸಾದಷ್ಟೂ ನೆಲದೊಳಗೆ ಉಳಿಯುವ ಬೇರು ಮತ್ತು ಕೂಳೆ ಹೆಚ್ಚುತ್ತದೆ, ಅದೂ ಇಂಗಾಲವೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂದು ಬಾರ್ಲಿ ತಾಕಿಗೆ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಹಾಕಿ ನಿಲ್ಲಿಸಿದ್ದರು. ನೂರು ವರ್ಷ ಕಳೆದ ಮೇಲೂ ಅಲ್ಲಿನ ಇಂಗಾಲ ಗೊಬ್ಬರವನ್ನೇ ಕಾಣದ ಪಕ್ಕದ ತಾಕಿಗಿಂತ ಹೆಚ್ಚಿತ್ತು. ಕಟ್ಟುವುದು ನಿಧಾನ, ಕರಗುವುದೂ ನಿಧಾನ.

ನೀವು ತಿದ್ದಿಕೊಳ್ಳಬಹುದಾದದ್ದು ತಿಪ್ಪೆಯಿಂದ ಹೊಲದವರೆಗಿನ ದಾರಿ. ಬೇಸಿಗೆಯಲ್ಲೇ ಹೊಲದ ತುಂಬ ಗುಪ್ಪೆ ಗುಪ್ಪೆಯಾಗಿ ಸುರಿದು ಮಳೆಗೆ ಕಾಯುವ ರೂಢಿ ನಮ್ಮಲ್ಲಿದೆ. ಅಂಥ ಒಂದು ಗುಪ್ಪೆಯನ್ನು ಕೆದಕಿ ನೋಡಿ: ಮೇಲ್ಪದರ ಬೂದುಬಣ್ಣಕ್ಕೆ ತಿರುಗಿ ಬೆಂಡಿನಂತೆ ಹಗುರವಾಗಿರುತ್ತದೆ, ಗೇಣುದ್ದ ಒಳಗೆ ಮಾತ್ರ ಕಪ್ಪಗೆ ತೇವವಿರುತ್ತದೆ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುವುದು ಇಲ್ಲಿಯೇ, ಮುಂದಿನ ಬೆಳೆಯ ಬೇರು ಸೊರಗುವುದೂ ಅದರಿಂದಲೇ. ತಿಪ್ಪೆಯನ್ನು ನೆರಳಿನಲ್ಲಿಟ್ಟು, ಗಂಜಲವನ್ನೂ ಅದಕ್ಕೇ ಸೇರಿಸಿ, ಮಣ್ಣು ಹದಕ್ಕೆ ಬಂದಾಗ ಹರಡಿ ಅದೇ ದಿನ ಉತ್ತು ಮುಚ್ಚುವುದು ಲೇಸು.

ಗೊಬ್ಬರ ಕೊಂಡು ತರುತ್ತಿದ್ದರೆ ಇನ್ನೊಂದು ಮಾತು. ಆ ಇಂಗಾಲ ಯಾರದೋ ಹೊಲದ ಮೇವಿನಿಂದ ಬಂದದ್ದು; ನಿಮ್ಮ ಚೀಟಿಯಲ್ಲಿ ಏರಿದ್ದು ಅಲ್ಲಿ ಇಳಿದಿರಲೂಬಹುದು. ಇಂಗಾಲದ ಲಾಭ ಹೇಳಿ ಗೊಬ್ಬರ ಮಾರುವವರು ಇದನ್ನು ಹೇಳುವುದು ಅಪರೂಪ.

ಸಾವಯವ ಇಂಗಾಲದ ಸಲುವಾಗಿ ವರ್ಷ ವರ್ಷವೂ ಪರೀಕ್ಷೆ ಮಾಡಿಸಬೇಕಾಗಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಸಾಕು, ಆದರೆ ಅದೇ ಜಾಗ, ಅದೇ ಆಳ, ಅದೇ ತಿಂಗಳು.