ಕಾಲಿಗೆ ಮರದ ಪಟ್ಟಿ ಕಟ್ಟಿ ಆಡಿದವನು

ಕ್ರಿಕೆಟ್‌ನಲ್ಲಿ ಪ್ಯಾಡ್ ಕಟ್ಟುವುದು ಚೆಂಡಿನ ಏಟಿಗೆ ಹೆದರಿ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಬೇಸ್‌ಬಾಲ್ ಆಟಗಾರ ಬಡ್ ಫೌಲರ್ ಮೊಣಕಾಲ ಕೆಳಗೆ ಮರದ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಅವನ ಹೆದರಿಕೆ ಎದುರಾಳಿಗಳ ಬೂಟಿನದು. ಅವನು ನಿಲ್ಲುತ್ತಿದ್ದುದು ಎರಡನೇ ಬೇಸ್‌ನಲ್ಲಿ, ಅಂದರೆ ಓಡುವವನು ಮುಟ್ಟಬೇಕಾದ ಗುರುತುಗಳಲ್ಲಿ ಎರಡನೆಯದರ ಹತ್ತಿರ. ಓಡಿ ಬರುವವನು ಎಷ್ಟೋ ಸಲ ನೆಲದ ಮೇಲೆ ಜಾರಿಕೊಂಡೇ ಬೇಸ್ ಮುಟ್ಟುತ್ತಾನೆ. ಆಗ ಕಾಲು ಸ್ವಲ್ಪ ಎತ್ತಿದರೆ ಸಾಕು, ಬೂಟಿನ ಮೊಳೆ ಎದುರು ನಿಂತವನ ಕಾಲಿಗೆ ನಾಟುತ್ತದೆ. ಫೌಲರ್ ಕಪ್ಪು ಜನಾಂಗದವನು. ಅವನ ಕಾಲಿನ ಪಟ್ಟಿ ಸೀಳುವುದೇ ಕೆಲವರಿಗೆ ಮೋಜಾಗಿತ್ತಂತೆ. ಇದನ್ನು ಆಮೇಲೆ ಹೇಳಿದವನೂ ಆ ಕಾಲದ ಒಬ್ಬ ಬಿಳಿಯ ಆಟಗಾರನೇ.

ಫೌಲರ್‌ನ ಹುಟ್ಟು ಹೆಸರು ಜಾನ್ ಜಾಕ್ಸನ್. 1858ರಲ್ಲಿ ನ್ಯೂಯಾರ್ಕ್ ರಾಜ್ಯದ ಫೋರ್ಟ್ ಪ್ಲೇನ್‌ನಲ್ಲಿ ಹುಟ್ಟಿ ಕೂಪರ್ಸ್‌ಟೌನ್‌ನಲ್ಲಿ ಬೆಳೆದ. ಅಪ್ಪ ಕ್ಷೌರಿಕ, ಮಗನೂ ಆ ಕೆಲಸ ಬಲ್ಲವನು. ಸಿಕ್ಕವರನ್ನೆಲ್ಲ 'ಬಡ್' ಅಂತ ಕರೆದು ಕರೆದು ಕೊನೆಗೆ ಆ ಹೆಸರು ಅವನಿಗೇ ಅಂಟಿತು. 1878ರ ಏಪ್ರಿಲ್‌ನಲ್ಲಿ ಒಂದು ಪ್ರದರ್ಶನ ಪಂದ್ಯ. ಎದುರಿಗಿದ್ದದ್ದು ಹಿಂದಿನ ವರ್ಷದ ಚಾಂಪಿಯನ್ ಬಾಸ್ಟನ್. ಫೌಲರ್ ಚೆಂಡೆಸೆದ, ಬಾಸ್ಟನ್ 2-1ರಿಂದ ಸೋತಿತು. ಅದೇ ವರ್ಷ ಲಿನ್ ಊರಿನ ತಂಡಕ್ಕೂ ಆಡಿದ. ಸಂಬಳಕ್ಕೆ ಆಡಿದವರಲ್ಲಿ ಇತಿಹಾಸಕ್ಕೆ ಗೊತ್ತಿರುವ ಮೊದಲ ಕಪ್ಪು ಆಟಗಾರ ಇವನೇ.

ಆಮೇಲೆ ಬರೀ ಅಲೆದಾಟ. ಒಂದು ತಂಡದಲ್ಲಿ ಒಂದು ಸೀಸನ್ ಪೂರ್ತಿ ಉಳಿದರೆ ಅದೇ ಜಾಸ್ತಿ. ಇವನಿಗಿಂತ ಒಳ್ಳೆಯ ಎರಡನೇ ಬೇಸ್ ಆಟಗಾರ ದೇಶದಲ್ಲಿಲ್ಲ, ಆದರೆ ಚರ್ಮದ ಬಣ್ಣವೇ ಅಡ್ಡಿ ಎಂದು 1885ರಲ್ಲಿ 'ಸ್ಪೋರ್ಟಿಂಗ್ ಲೈಫ್' ಪತ್ರಿಕೆ ಮುಚ್ಚುಮರೆಯಿಲ್ಲದೆ ಬರೆಯಿತು. ಗೊತ್ತಿದ್ದೂ ಯಾರೂ ಏನೂ ಮಾಡಲಿಲ್ಲ, ಅಲ್ವಾ?

1887ರಲ್ಲಿ ಬಿಂಗ್‌ಹ್ಯಾಮ್ಟನ್ ತಂಡದಲ್ಲಿ ಚೆನ್ನಾಗಿಯೇ ಆಡುತ್ತಿದ್ದ. ಆದರೆ ಅವನ ಜೊತೆ ಆಡಲ್ಲ ಅಂತ ಸ್ವಂತ ತಂಡದ ಬಿಳಿಯರೇ ಹಠ ಹಿಡಿದರು. ತಂಡ ಅವನನ್ನು ಕೈಬಿಟ್ಟಿತು. ಜುಲೈ 14ರಂದು, ಆ ತಂಡ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗ್‌ನ ಸಭೆ, ಕಪ್ಪು ಆಟಗಾರರ ಜೊತೆ ಇನ್ನು ಹೊಸ ಒಪ್ಪಂದ ಬೇಡ ಎಂದು 6-4 ಮತಗಳಿಂದ ತೀರ್ಮಾನಿಸಿತು. ಉಳಿದ ಲೀಗ್‌ಗಳ ಬಾಗಿಲೂ ಒಂದೊಂದಾಗಿ ಮುಚ್ಚಿತು. ದೊಡ್ಡ ಲೀಗ್‌ನಲ್ಲಿ ಅದು ಮತ್ತೆ ತೆರೆದದ್ದು 1947ರಲ್ಲಿ, ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರನಿಗೆ.

ಫೌಲರ್ ಸುಮ್ನೆ ಕೂರಲಿಲ್ಲ. 1895ರಲ್ಲಿ ಮಿಷಿಗನ್‌ನ ಏಡ್ರಿಯನ್‌ನಲ್ಲಿ ತಂತಿ ಬೇಲಿ ಕಂಪನಿಯೊಂದರ ದುಡ್ಡಿನಿಂದ ಕಪ್ಪು ಆಟಗಾರರದೇ ತಂಡ ಕಟ್ಟಿದ: ಪೇಜ್ ಫೆನ್ಸ್ ಜೈಂಟ್ಸ್. ಅವರು ರೈಲಿನ ಸ್ವಂತ ಬೋಗಿಯಲ್ಲಿ ಬಂದಿಳಿದು, ಸಮವಸ್ತ್ರದಲ್ಲೇ ಸೈಕಲ್ ಹತ್ತಿ ಊರೆಲ್ಲ ಸುತ್ತಿ ಜನ ಸೇರಿಸುತ್ತಿದ್ದರು.

1913ರಲ್ಲಿ ನ್ಯೂಯಾರ್ಕ್ ರಾಜ್ಯದ ಫ್ರಾಂಕ್‌ಫರ್ಟ್ ಎಂಬ ಊರಿನಲ್ಲಿ, ಮನೆಯವರ ಆಸರೆಯಲ್ಲಿ, ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡ. ಸಮಾಧಿಗೆ ಒಂದು ಕಲ್ಲು ಬಿದ್ದದ್ದು 1987ರಲ್ಲಿ. ಆಟದ ದಿಗ್ಗಜರಿಗೆ ಗೌರವ ಕೊಡುವ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಇರುವುದು ಅವನು ಬೆಳೆದ ಕೂಪರ್ಸ್‌ಟೌನ್‌ನಲ್ಲೇ. 2013ರಲ್ಲಿ ಅಲ್ಲಿನ ಮೈದಾನಕ್ಕೆ ಹೋಗುವ ದಾರಿಗೆ 'ಫೌಲರ್ ವೇ' ಅಂತ ಹೆಸರಿಟ್ಟರು. ಹಾಲ್ ಆಫ್ ಫೇಮ್ ಒಳಗೆ ಸೇರಿಸಿಕೊಳ್ಳಲು ಇನ್ನೂ ಒಂಬತ್ತು ವರ್ಷ ಹಿಡಿಯಿತು.