ಐದಡಿ ಕೋಣೆಯಲ್ಲಿ ಎರಡೂ ಕಡೆ ವಾರ್ಡ್‌ರೋಬ್ ಕೂರುವುದಿಲ್ಲ

ಮನೆ ಕಟ್ಟಿಸುವವರು ಪ್ಲಾನ್ ಬಿಚ್ಚಿ, ಮಾಸ್ಟರ್ ಬೆಡ್‌ರೂಮಿನ ಪಕ್ಕ ಬಟ್ಟೆಬರೆಗೆಂದೇ ಮೀಸಲಿಟ್ಟ, 5x7 ಅಡಿ ಎಂದು ಬರೆದ ಪುಟ್ಟ ಚೌಕ ತೋರಿಸುತ್ತಾರೆ. ‘ಸರ್, ಇದು ವಾಕ್-ಇನ್. ಎರಡೂ ಕಡೆ ವಾರ್ಡ್‌ರೋಬ್ ಮಾಡಿಬಿಡಿ.’ ಆಗುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ. ಮರುವಾರ ಇನ್ನೊಂದು ಮನೆಯವರು ಅದೇ ಚೌಕ, ಅದೇ ಮಾತು ಹೊತ್ತು ಬರುತ್ತಾರೆ. ಎಲ್ಲರಿಗೂ ಸೇರಿ ಒಮ್ಮೆ ಬರೆದೇಬಿಡುತ್ತೇನೆ.

ಹ್ಯಾಂಗರ್ ಅಗಲ ಸುಮಾರು 17-18 ಇಂಚು. ಅದಕ್ಕೆ ಅಂಗಿ ಹಾಕಿದರೆ ತೋಳು ಸೇರಿ 20 ಇಂಚು ದಾಟುತ್ತದೆ. ಹಾಗಾಗಿ ಬಟ್ಟೆ ನೇತುಹಾಕುವ ಕಡೆ 2 ಅಡಿ ಆಳ ಬೇಕೇ ಬೇಕು. ಸ್ಲೈಡಿಂಗ್ ಶಟರ್ (ಪಕ್ಕಕ್ಕೆ ಸರಿಯುವ ಬಾಗಿಲು) ಆದರೆ ಅದರ ಮೇಲೆ ಇನ್ನೂ ಮೂರು-ನಾಲ್ಕು ಇಂಚು. ಆ ಕಡೆ ಎರಡಡಿ, ಈ ಕಡೆ ಎರಡಡಿ ಹೋದ ಮೇಲೆ ಐದಡಿಯಲ್ಲಿ ನಿಮಗೆ ಉಳಿದದ್ದು ಒಂದೇ ಅಡಿ. ‘ಹಾಗಾದರೆ ಆಳ ಒಂದೂವರೆ ಅಡಿ ಮಾಡಿ’ ಎನ್ನುತ್ತಾರೆ. ಮಾಡಬಹುದು, ಆದರೆ ಹ್ಯಾಂಗರ್ ಓರೆಯಾಗುತ್ತದೆ, ಶಟರ್ ಹಾಕುವಾಗಲೆಲ್ಲ ತೋಳು ಸಿಕ್ಕಿಕೊಳ್ಳುತ್ತದೆ.

ಇನ್ನು ನಡುವಿನ ಜಾಗ. ಜನ ಅದನ್ನು ಓಡಾಡುವ ದಾರಿ ಎಂದುಕೊಂಡು ಎರಡಡಿ ಸಾಕು ಎನ್ನುತ್ತಾರೆ. ಅಲ್ಲಿ ನೀವು ಓಡಾಡುವುದಕ್ಕಿಂತ ನಿಲ್ಲುವುದು, ಬಗ್ಗುವುದು, ಪ್ಯಾಂಟಿಗೆ ಕಾಲು ಹಾಕುವುದೇ ಹೆಚ್ಚು. ಡ್ರಾಯರ್ ಪೂರ್ತಿ ಎಳೆದರೆ ಒಂದೂವರೆ ಅಡಿ ಮುಂದೆ ಬರುತ್ತದೆ. ಅದರ ಎದುರು ಒಬ್ಬ ಮನುಷ್ಯ ಬಗ್ಗಬೇಕು. ಎರಡೂವರೆ ಅಡಿಯಲ್ಲಿ ಹೇಗೋ ನಡೆಯುತ್ತದೆ, ಮೂರಡಿ ಇದ್ದರೆ ನೆಮ್ಮದಿ. ಅಂದರೆ ಒಂದು ಕಡೆ ವಾರ್ಡ್‌ರೋಬ್‌ಗೆ ಕೋಣೆ 5 ಅಡಿ ಅಗಲ, ಎರಡೂ ಕಡೆಗೆ 7 ಅಡಿ. ಅದೂ ಪ್ಲಾಸ್ಟರಿಂಗ್ ಆದ ಮೇಲಿನ ಅಳತೆ. ಪ್ಲಾನಿನಲ್ಲಿರುವುದು ಸಾಮಾನ್ಯವಾಗಿ ಬರೀ ಗೋಡೆಯಿಂದ ಗೋಡೆಗೆ. ಎರಡು ಬದಿಯ ಪ್ಲಾಸ್ಟರ್ ಸೇರಿ ಹತ್ತಿರ ಹತ್ತಿರ ಒಂದಿಂಚು ನುಂಗುತ್ತದೆ.

ಮೈಸೂರಿನಲ್ಲಿ ಒಬ್ಬ ನಿವೃತ್ತ ಟೀಚರ್ ಮನೆ. ಕೋಣೆ 6 ಅಡಿ 4 ಇಂಚು. ಎರಡೂ ಕಡೆ ಬೇಕೇ ಬೇಕು ಎಂದು ಪಟ್ಟು. ಕಾರ್ಪೆಂಟರ್ ಹುಡುಗರಿಂದ ಎರಡು ಪ್ಲೈವುಡ್ ಶೀಟುಗಳನ್ನು ಎದುರುಬದುರು, ವಾರ್ಡ್‌ರೋಬ್ ಬರುವಷ್ಟು ಮುಂದಕ್ಕೆ ಹಿಡಿಸಿ, ‘ಮೇಡಂ, ಕೆಳಗಿನ ಡ್ರಾಯರಿನಿಂದ ಸೀರೆ ತೆಗೆಯುವ ಹಾಗೆ ಬಗ್ಗಿ’ ಎಂದೆ. ಬಗ್ಗಿದರು, ಬೆನ್ನು ಹಿಂದಿನ ಶೀಟಿಗೆ ತಾಗಿತು. ಹಾಗೇ ಕೂತು ಸ್ವಲ್ಪ ಯೋಚಿಸಿ, ‘ನನ್ನ ಮಂಡಿಗೆ ಇದು ಆಗಲ್ಲಪ್ಪ, ಬೇರೆ ಏನಾದ್ರೂ ಹೇಳು’ ಅಂದರು. ಒಂದು ಕಡೆ ಎರಡಡಿ ಆಳದ್ದು, ಇನ್ನೊಂದು ಕಡೆ ಸೀರೆಗೆಂದೇ 15 ಇಂಚಿನ ಶೆಲ್ಫ್‌ಗಳು. ನಡುವೆ ಮೂರಡಿ ಒಂದಿಂಚು ಉಳಿಯಿತು.

ಆ 15 ಇಂಚು ಜಾಗದ ಕೊರತೆಗೆ ಮಾಡಿಕೊಂಡ ರಾಜಿಯಲ್ಲ. ಮಡಿಸಿದ ಸೀರೆಗೆ ಅಷ್ಟೇ ಸಾಕು. ಎರಡಡಿ ಆಳದ ಶೆಲ್ಫಿನಲ್ಲಿ ಸೀರೆ ಎರಡು ಸಾಲಾಗುತ್ತದೆ, ಹಿಂದಿನ ಸಾಲು ಕಣ್ಣಿಗೇ ಬೀಳುವುದಿಲ್ಲ, ದಸರಾಕ್ಕೂ ಮುಂದಿನ ಸಾಲಿನ ಸೀರೆಯೇ ಗತಿ. ಭಾರದ ಜರಿ ಇರುವ ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ಹ್ಯಾಂಗರ್‌ಗೆ ನೇತುಹಾಕಲೂಬಾರದು, ಜರಿಯ ಭಾರಕ್ಕೆ ಬಟ್ಟೆ ಜಗ್ಗುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ ಇಡುವ ನಮ್ಮ ಅಮ್ಮಂದಿರ ಪದ್ಧತಿಯೇ ಸರಿ.

30x40 ಸೈಟಿನವರಿಗೆ ಇನ್ನೊಂದು ಮಾತು. 5x7 ವಾಕ್-ಇನ್ ಎಂದರೆ 35 ಚದರಡಿ, ಅದರಲ್ಲಿ ಸಿಗುವುದು ಏಳಡಿ ಉದ್ದದ ಒಂದು ವಾರ್ಡ್‌ರೋಬ್. ಬಾಗಿಲು ಉದ್ದದ ಗೋಡೆಯಲ್ಲಿದ್ದು ಒಳಕ್ಕೆ ತೆರೆದರೆ ಎದುರಿನ ತೆರೆದ ಶಟರ್‌ಗೆ ಹೊಡೆಯುತ್ತದೆ. ಅದೇ ಏಳಡಿ ವಾರ್ಡ್‌ರೋಬ್ ಬೆಡ್‌ರೂಮಿನ ಗೋಡೆಗೇ ಬಂದರೆ 14 ಚದರಡಿಯಲ್ಲಿ ಮುಗಿಯುತ್ತದೆ; ಮುಂದೆ ನಿಲ್ಲುವ ಜಾಗ ಹೇಗೂ ಕೋಣೆಯಲ್ಲಿ ಇದ್ದದ್ದೇ. ನಿಮ್ಮ ಕೋಣೆ ನೋಡದೆ ಖಡಾಖಂಡಿತ ಹೇಳಲಾರೆ, ಆದರೆ ಸಣ್ಣ ಮನೆಗಳಲ್ಲಿ ನನ್ನ ಸಲಹೆ ಬಹುತೇಕ ಇದೇ. ಬೇಸರವಾಗುತ್ತದೆ ಎಂದು ಗೊತ್ತು. ಸಾಲ ಮಾಡಿ ಕಟ್ಟಿಸುವ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಆಸೆಪಟ್ಟ ಒಂದೇ ಒಂದು ಸೊಗಸು ಅದಾಗಿರುತ್ತದೆ.

ಆದರೂ ಮಾಡಿಸುವುದಿದ್ದರೆ, ಬಾತ್‌ರೂಮಿಗೆ ಹೊಂದಿಕೊಂಡ ಗೋಡೆಯ ವಿಷಯ ಮೊದಲೇ ಕೇಳಿ. ಬಹಳ ಪ್ಲಾನುಗಳಲ್ಲಿ ವಾಕ್-ಇನ್ ದಾಟಿಯೇ ಬಾತ್‌ರೂಮ್. ಬಿಸಿನೀರಿನ ಹಬೆ ನೇರ ಬಟ್ಟೆಗೆ ಬರುತ್ತದೆ. ಮಂಗಳೂರು, ಉಡುಪಿಯ ಮಳೆಗಾಲ ಸೇರಿದರೆ ಚರ್ಮದ ಬೆಲ್ಟಿಗೆ, ರೇಷ್ಮೆಗೆ ಬೂಷ್ಟು ಹಿಡಿಯುವುದು ಹೆಚ್ಚುಕಡಿಮೆ ಖಚಿತ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಹೊರಗೇ ಬಿಡಬೇಕು. ವಾರ್ಡ್‌ರೋಬ್ ಆ ಗೋಡೆಗೆ ಒತ್ತಿಕೊಂಡಿರಬಾರದು, ಹಿಂದೆ ಒಂದಿಂಚು ಗಾಳಿ ಆಡಲಿ. ವಾಟರ್‌ಪ್ರೂಫಿಂಗ್ ಟೈಲ್ಸ್ ಹಾಕುವ ಮುಂಚೆಯೇ ಆಗಿರಬೇಕು. ಪ್ಲೈವುಡ್ ಕೂತ ಮೇಲೆ ತೇವ ಬಂದರೆ ಎಲ್ಲವನ್ನೂ ಬಿಚ್ಚಿಯೇ ಸರಿಮಾಡಬೇಕಾಗುತ್ತದೆ.