ಬಾಳೆಗೊನೆಯ ಹಡಗಿನಲ್ಲಿ ಮನುಷ್ಯರಿಗೂ ಜಾಗ

ಸುತ್ತಲಿನ ಗಾಳಿ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಬಾಳೆಕಾಯಿ ತಡೆಯುವುದಿಲ್ಲ. ಸಿಪ್ಪೆ ಬೂದುಗಪ್ಪಾಗುತ್ತದೆ, ಆಮೇಲೆ ಎಷ್ಟು ಬೆಚ್ಚಗಿಟ್ಟರೂ ನೆಟ್ಟಗೆ ಹಣ್ಣಾಗುವುದಿಲ್ಲ. ಕೆಲವೇ ಡಿಗ್ರಿ ಮೇಲೇರಿದರೆ ಇನ್ನೊಂದು ತೊಂದರೆ, ಕಾಯಿ ದಾರಿಯಲ್ಲೇ ಮಾಗತೊಡಗುತ್ತದೆ. ಮಾಗುವ ಕಾಯಿ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ, ಆ ಅನಿಲ ಪಕ್ಕದ ಕಾಯಿಗಳನ್ನೂ ಮಾಗಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವುದರ ಗುಟ್ಟೂ ಇದೇ. ಹೊಗೆಯಲ್ಲಿ ಎಥಿಲೀನ್ ಇರುತ್ತದೆ.

ಇಷ್ಟು ನಾಜೂಕಿನ ಸರಕಿನ ಜೊತೆ ನೂರರಷ್ಟು ಪ್ರವಾಸಿಗರನ್ನೂ ಹತ್ತಿಸಿಕೊಂಡು ಕೆರಿಬಿಯನ್ ಸಮುದ್ರ ದಾಟಬೇಕೆಂದರೆ ಹಡಗು ಹೇಗಿರಬೇಕು? ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ 1930ರ ದಶಕದ ಆರಂಭದಲ್ಲಿ ಅಂಥ ಆರು ಹಡಗುಗಳನ್ನು ಕಟ್ಟಿಸಿತು. ತಲಮಾಂಕಾ, ಕಿರಿಗ್ವಾ, ಚಿರಿಕಿ ಅವುಗಳಲ್ಲಿ ಕೆಲವು. ಬಿಸಿಲಿನ ಶಾಖವನ್ನು ಹಿಂದಕ್ಕೆ ಚೆಲ್ಲಲೆಂದು ಕಂಪನಿಯ ಹಡಗುಗಳಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಹಾಗಾಗಿ ಅವುಗಳಿಗೆ ‘ಗ್ರೇಟ್ ವೈಟ್ ಫ್ಲೀಟ್’ ಎಂಬ ಹೆಸರು ಬಂತು. ಮಧ್ಯ ಅಮೆರಿಕದ ರಾಜಕೀಯದಲ್ಲಿ ಆ ಕಂಪನಿ ಆಡಿದ ಆಟಗಳನ್ನು ಯಾರೂ ಹೊಗಳಲಾರರು. ಹಡಗು ಕಟ್ಟಿಸುವುದರಲ್ಲಿ ಮಾತ್ರ ಅದರ ಜಾಣತನವನ್ನು ಒಪ್ಪಲೇಬೇಕು.

ಎಂಜಿನ್ ಮತ್ತು ಬಾಯ್ಲರ್‌ಗಳ ಬಿಸಿಯೆಲ್ಲ ಹಡಗಿನ ನಡುಭಾಗದಲ್ಲಿ. ಅದರ ಮೇಲೆ ಪ್ರಯಾಣಿಕರ ಕೋಣೆಗಳು. ಹಿಂದೆ ಮುಂದೆ ಬಾಳೆಯ ತಂಪು ಕೋಣೆಗಳು. ಮೇಲಿನ ಭಾರಕ್ಕೆ ಕೆಳಗಿನ ಗೊನೆ ಜಜ್ಜಿಹೋಗಬಾರದೆಂದು ಆ ಕೋಣೆಗಳನ್ನು ತಗ್ಗಾದ ಅಟ್ಟಗಳಾಗಿ ವಿಂಗಡಿಸುತ್ತಿದ್ದರು. ಗೋಡೆಗಳಿಗೆ ದಪ್ಪನೆಯ ಕಾರ್ಕ್ ಹೊದಿಕೆ. ಗಾಳಿ ಒಳಬರುವ, ಹೊರಹೋಗುವ ಬಾಯಿಗಳನ್ನು ಎಲ್ಲಿಡುವುದು ಎಂಬುದೇ ಒಂದು ಸವಾಲು. ಕಾಯಿ ಉಸಿರಾಡಿ ಬಿಟ್ಟ ಗಾಳಿ ಪ್ರಯಾಣಿಕರ ಕಿಟಕಿಗೆ ನುಗ್ಗಬಾರದು, ಹಡಗಿನ ಹೊಗೆಕೊಳವೆಯ ಗಾಳಿ ಕಾಯಿಯ ಬಳಿ ಸುಳಿಯಬಾರದು. ಆ ಹೊಗೆಯಲ್ಲೂ ಎಥಿಲೀನ್ ಇದೆಯಲ್ಲ!

ನನಗೆ ಎಲ್ಲಕ್ಕಿಂತ ಕುತೂಹಲದ್ದೆನಿಸುವುದು ತಂಪು ಹುಟ್ಟಿಸುವ ಅನಿಲದ ಆಯ್ಕೆ. ತಂಪುಯಂತ್ರದ ಕೆಲಸ ಸರಳ. ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ, ಸಮುದ್ರದ ನೀರು ಅದರ ಶಾಖವನ್ನು ಕಸಿದು ದ್ರವವಾಗಿಸುತ್ತದೆ, ಆ ದ್ರವ ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಈ ಕೆಲಸಕ್ಕೆ ಅಮೋನಿಯ ಹೇಳಿ ಮಾಡಿಸಿದ್ದು. ಆದರೆ ಅದು ವಿಷ. ಸೋರಿದರೆ ಕಣ್ಣು, ಗಂಟಲು ಉರಿದು ಉಸಿರು ಕಟ್ಟುತ್ತದೆ. ಕೆಳಗೆ ಯಂತ್ರ, ಮೇಲೆ ಮಲಗಿರುವ ಹೆಂಗಸರು ಮಕ್ಕಳು ಎಂದಾಗ ಎಂಜಿನಿಯರುಗಳು ಹಿಂದೆ ಸರಿದರು. ಜನರನ್ನು ಒಯ್ಯುವ ಹಡಗುಗಳಲ್ಲಿ ಬಹುಕಾಲ ಇಂಗಾಲದ ಡೈಆಕ್ಸೈಡ್ ಯಂತ್ರಗಳೇ ಇದ್ದವು.

ಆ ಅನಿಲಕ್ಕೊಂದು ಹಟವಿದೆ. 31 ಡಿಗ್ರಿಗಿಂತ ಬಿಸಿಯಾದರೆ ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ. ಬೇಸಿಗೆಯಲ್ಲಿ ಕೆರಿಬಿಯನ್ ಸಮುದ್ರದ ಮೇಲ್ಪದರ 28-29 ಡಿಗ್ರಿ ಇರುತ್ತದೆ. ಶಾಖ ನೀರಿಗೆ ಹರಿಯಬೇಕಾದರೆ ಅನಿಲ ಅದಕ್ಕಿಂತ ಕೆಲವು ಡಿಗ್ರಿ ಬಿಸಿಯಾಗಿರಲೇಬೇಕು, ಅಂದರೆ 31ರ ಗಡಿ ದಾಟಿಬಿಡುತ್ತದೆ. ಆಗಲೂ ಯಂತ್ರ ನಿಲ್ಲುವುದಿಲ್ಲ. ಆದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ 70 ಪಟ್ಟನ್ನೂ ಮೀರಿದ ಒತ್ತಡದಲ್ಲಿ ಹೆಚ್ಚು ಇಂಧನ ತಿಂದು ಕಡಿಮೆ ತಂಪು ಕೊಡುತ್ತದೆ. ಅದೂ ಯಾವಾಗ? ತೋಟದಿಂದ ಬಿಸಿಬಿಸಿಯಾಗಿ ಬಂದ ಗೊನೆಗಳನ್ನು ತುಂಬಿಕೊಂಡು ಬೇಗ 13 ಡಿಗ್ರಿಗೆ ಇಳಿಸಬೇಕಾದ ಮೊದಲ ದಿನಗಳಲ್ಲಿ, ಯಂತ್ರಕ್ಕೆ ಅತಿ ಹೆಚ್ಚು ಕೆಲಸವಿರುವಾಗಲೇ. ಪ್ರಯಾಣಿಕರ ಶ್ವಾಸಕೋಶಕ್ಕಾಗಿ ತೆತ್ತ ಈ ಬೆಲೆ ಅವರ ಟಿಕೆಟ್ಟಿನಲ್ಲಿ ಎಲ್ಲೂ ಅಚ್ಚಾಗಿರಲಿಲ್ಲ. ಮುಂದೆ ವಿಷವೂ ಅಲ್ಲದ, ಉರಿಯದ ಫ್ರಿಯಾನ್ ಎಂಬ ತಂಪು ಅನಿಲ ಬಂದಾಗ ಎಲ್ಲರೂ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಅದು ಓಝೋನ್ ಪದರಕ್ಕೆ ಕನ್ನ ಹಾಕುತ್ತದೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದಕ್ಕೂ ವಿದಾಯ ಹೇಳಬೇಕಾಯಿತು. ಮೂಲೆಗೆ ಬಿದ್ದಿದ್ದ ಇಂಗಾಲದ ಡೈಆಕ್ಸೈಡ್ ಈಗ ತಂಪು ಕಂಟೇನರ್‌ಗಳಲ್ಲಿ ಮರಳಿ ಕಾಣಿಸಿಕೊಳ್ಳುತ್ತಿದೆ.

ಹಡಗಿನ ನಕ್ಷೆಯನ್ನು ತಿದ್ದಿದ ಇನ್ನೊಂದು ಸಂಗತಿ ಕಾನೂನು. ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ರಯಾಣಿಕ ಹಡಗು. ಹದಿಮೂರನೆಯವನು ಹತ್ತಿದೊಡನೆ ಜೀವರಕ್ಷಕ ದೋಣಿ, ಬೆಂಕಿ ತಡೆ, ನೀರು ನುಗ್ಗದಂತೆ ಒಡಲನ್ನು ವಿಭಾಗಿಸುವ ಗೋಡೆ, ಎಲ್ಲದರ ನಿಯಮವೂ ಬಿಗಿಯಾಗುತ್ತದೆ. ತಂಪು ಹಡಗಿಗೆ ಗೋಡೆಗಳದ್ದೇ ದೊಡ್ಡ ಸಂಕಟ. ಉಕ್ಕಿನ ಅಡ್ಡಗೋಡೆ ಹಡಗಿನ ಹೊರಮೈಗೆ ಬೆಸೆದುಕೊಂಡಿರುವುದರಿಂದ ಹೊರಗಿನ ಬಿಸಿ ಅದರ ಮೂಲಕ ಒಳಗೆ ಹರಿಯುತ್ತದೆ. ತಡೆಯಲು ಎರಡೂ ಬದಿಗೆ ಹೊದಿಕೆ ಹಾಕಬೇಕು, ಹಾಕಿದಷ್ಟೂ ಸರಕಿನ ಜಾಗ ಕರಗುತ್ತದೆ. ಬಾಳೆ ಹಗುರವಾದ ಸರಕು. ಇಲ್ಲಿ ತೂಕಕ್ಕಿಂತ ಜಾಗವೇ ಹಣ. ಲೆಕ್ಕ ಬಲ್ಲವರು 12ಕ್ಕೇ ನಿಂತರು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿಗೆ ಕೆರಿಬಿಯನ್ನಿನ ವಿಂಡ್‌ವರ್ಡ್ ದ್ವೀಪಗಳ ಬಾಳೆ ತರುತ್ತಿದ್ದ ಗೀಸ್ಟ್ ಕಂಪನಿಯ ಹಡಗುಗಳಲ್ಲಿ ಹನ್ನೆರಡೇ ಪ್ರಯಾಣಿಕರಿಗೆ ಅವಕಾಶವಿತ್ತು.

ವಿಮಾನ ಪ್ರಯಾಣಿಕರನ್ನು ಸೆಳೆದುಕೊಂಡಿತು, ಕಂಟೇನರ್ ಬಾಳೆಯನ್ನು. ಇಂದಿನ ತಂಪು ಕಂಟೇನರ್ ತನ್ನ ಕಂಪ್ರೆಸರನ್ನು ತಾನೇ ಹೊತ್ತಿರುತ್ತದೆ, ಹಡಗು ವಿದ್ಯುತ್ ಕೊಟ್ಟರೆ ಸಾಕು. ಈಗ ಯಾರಾದರೂ ಇಂಥ ಹಡಗಿನ ನಕ್ಷೆ ಬರೆಯಹೊರಟರೆ ನನ್ನ ಮತ 12 ಹಾಸಿಗೆಗಳಿಗೆ, ಡೆಕ್ಕಿನ ಮೇಲೆ ಸಾಲಾಗಿ ನಿಂತ ತಂಪು ಕಂಟೇನರ್‌ಗಳಿಗೆ. ಕೋಣೆಗಳನ್ನು ಮಾತ್ರ ಅವುಗಳಿಂದ ಆದಷ್ಟು ದೂರ, ಹಡಗಿನ ಮುಂಭಾಗದಲ್ಲಿ ಇಡಲಿ. ಆ ಕಂಟೇನರ್‌ಗಳ ಫ್ಯಾನುಗಳು ರಾತ್ರಿಯಿಡೀ ಹೊಡೆದುಕೊಳ್ಳುತ್ತಲೇ ಇರುತ್ತವೆ.